ಅಮೆರಿಕದ ಸಂಚಾರ ನ್ಯಾಯಾಲಯದ ದಾಖಲೆಗಳು ಮತ್ತು ಲೈಸೆನ್ಸ್ ಪಾಯಿಂಟ್‌ಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರಸ್ತೆ ನಿಯಮ ಮುರಿದವರ ವಿವರ ಎರಡು ಕಡೆ ದಾಖಲಾಗುತ್ತದೆ. ತಪ್ಪು ನಡೆದ ಜಾಗದ ನ್ಯಾಯಾಲಯದಲ್ಲಿ ಒಂದು ಕಡತ ತೆರೆಯುತ್ತದೆ. ಅಲ್ಲಿ ತಪ್ಪು ಸಾಬೀತಾಯಿತೆಂದು ತೀರ್ಮಾನವಾದರೆ ಅದರ ಸಾರ ಮೋಟಾರು ವಾಹನ ಇಲಾಖೆಗೆ, ಎಂದರೆ ಜನ ಡಿಎಂವಿ ಎಂದು ಕರೆಯುವ ಕಚೇರಿಗೆ ಹೋಗಿ ಚಾಲಕರ ಚಾಲನಾ ದಾಖಲೆಯಲ್ಲಿ ಸೇರುತ್ತದೆ. ಪಾಯಿಂಟ್ ಎಂದರೆ ತಪ್ಪಿನ ತೂಕಕ್ಕೆ ತಕ್ಕಂತೆ ಚಾಲಕರ ಲೆಕ್ಕಕ್ಕೆ ಸೇರುವ ಅಂಕ; ಅದನ್ನು ಎಣಿಸುವುದು ಈ ಎರಡನೆಯ ಕಚೇರಿ. ನ್ಯಾಯಾಧೀಶರು ದಂಡ ಹಾಕಬಹುದು, ಆರೋಪ ಇಳಿಸಬಹುದು, ಪ್ರಕರಣ ವಜಾ ಮಾಡಬಹುದು. ಪಾಯಿಂಟ್ ಹಾಕುವ, ತೆಗೆಯುವ ಕೆಲಸ ಸಾಮಾನ್ಯವಾಗಿ ಅವರದಲ್ಲ. ಇದು ತಿಳಿಯದವರು ಕೋರ್ಟಿನ ಕಿಟಕಿಯಲ್ಲಿ ಪಾಯಿಂಟ್ ಎಷ್ಟಾಯಿತೆಂದು ಕೇಳುತ್ತಾರೆ, ಡಿಎಂವಿಯಲ್ಲಿ ತೀರ್ಪಿನ ಪ್ರತಿ ಕೇಳುತ್ತಾರೆ, ಎರಡೂ ಕಡೆ ಬರಿಗೈಯಲ್ಲಿ ಮರಳುತ್ತಾರೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಪೊಲೀಸರು ಬರೆದುಕೊಡುವ ಟಿಕೆಟ್ಟಿನ ಹಣ ಕಟ್ಟುವುದೆಂದರೆ ಬಹುತೇಕ ರಾಜ್ಯಗಳಲ್ಲಿ ತಪ್ಪು ಒಪ್ಪಿಕೊಂಡಂತೆ. ಆನ್‌ಲೈನಿನಲ್ಲಿ ಕಾರ್ಡ್ ಸಂಖ್ಯೆ ಒತ್ತಿದ ಕ್ಷಣ ಪ್ರಕರಣ ಮುಗಿದು ದೋಷನಿರ್ಣಯವಾಗುತ್ತದೆ, ಪಾಯಿಂಟ್ ಅದರ ಬೆನ್ನಿಗೇ ಬರುತ್ತದೆ. ಕೋರ್ಟಿಗೆ ಅಲೆಯುವ ತಾಪತ್ರಯ ತಪ್ಪಿತಲ್ಲ ಎಂದು ಹಣ ಕಟ್ಟಿ ಮರೆತವರು ಆರು ತಿಂಗಳ ಮೇಲೆ ವಿಮೆಯ ಕಂತು ಏರಿದಾಗ ಬೆಚ್ಚುತ್ತಾರೆ. ಪೊಲೀಸರು ಟಿಕೆಟ್ ಬರೆದ ಮಾತ್ರಕ್ಕೆ ಪಾಯಿಂಟ್ ಬೀಳುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಟಿಕೆಟ್ ಕೇವಲ ಆರೋಪ.

ಯಾವ ನ್ಯಾಯಾಲಯ

ಸಂಚಾರ ನಿಯಮ ರೂಪಿಸುವ, ಲೈಸೆನ್ಸ್ ಕೊಡುವ ಅಧಿಕಾರ ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ್ದಲ್ಲ, ರಾಜ್ಯಗಳದ್ದು. ಹಾಗಾಗಿ ಐವತ್ತು ರಾಜ್ಯಗಳಿಗೆ ಐವತ್ತು ವ್ಯವಸ್ಥೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಸಂಚಾರ ಪ್ರಕರಣಗಳು ಆಯಾ ಕೌಂಟಿಯ ಸುಪೀರಿಯರ್ ಕೋರ್ಟಿಗೆ ಹೋಗುತ್ತವೆ. ನ್ಯೂಜೆರ್ಸಿಯಲ್ಲಿ ಮುನಿಸಿಪಲ್ ಕೋರ್ಟ್, ವರ್ಜೀನಿಯಾದಲ್ಲಿ ಜನರಲ್ ಡಿಸ್ಟ್ರಿಕ್ಟ್ ಕೋರ್ಟ್, ಮೇರಿಲ್ಯಾಂಡಿನಲ್ಲಿ ಡಿಸ್ಟ್ರಿಕ್ಟ್ ಕೋರ್ಟ್, ಪೆನ್ಸಿಲ್ವೇನಿಯಾದಲ್ಲಿ ಮ್ಯಾಜಿಸ್ಟೀರಿಯಲ್ ಡಿಸ್ಟ್ರಿಕ್ಟ್ ಕೋರ್ಟ್. ಟೆಕ್ಸಾಸಿನಲ್ಲಿ ನಗರದ ಪೊಲೀಸರು ಹಿಡಿದರೆ ಮುನಿಸಿಪಲ್ ಕೋರ್ಟ್, ಹೆದ್ದಾರಿಯಲ್ಲಿ ರಾಜ್ಯದ ಟ್ರೂಪರ್ ಹಿಡಿದರೆ ಬಹುಪಾಲು ಜಸ್ಟಿಸ್ ಕೋರ್ಟ್. ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಿಕ್ಕಿಬಿದ್ದ ಇಬ್ಬರ ಕಡತಗಳು, ಹಿಡಿದವರು ಯಾರು ಎಂಬುದರ ಮೇಲೆ, ಎರಡು ಕಟ್ಟಡಗಳಲ್ಲಿರಬಹುದು.

ನ್ಯೂಯಾರ್ಕ್ ರಾಜ್ಯದ್ದು ವಿಚಿತ್ರ ಜೋಡಣೆ. ನ್ಯೂಯಾರ್ಕ್ ನಗರದ ಬರೋ ಎಂಬ ಐದು ವಿಭಾಗಗಳಲ್ಲಿ ಹೆಚ್ಚಿನ ಟಿಕೆಟ್‌ಗಳು ನ್ಯಾಯಾಲಯಕ್ಕೇ ಹೋಗುವುದಿಲ್ಲ; ಡಿಎಂವಿಯ ಒಂದು ಅಂಗವಾದ ಟ್ರಾಫಿಕ್ ವಯಲೇಷನ್ಸ್ ಬ್ಯೂರೋದಲ್ಲಿ ಆಡಳಿತ ನ್ಯಾಯಾಧೀಶರು ವಿಚಾರಣೆ ನಡೆಸುತ್ತಾರೆ. ಅಲ್ಲಿ ಆರೋಪ ಇಳಿಸುವ ಚೌಕಾಶಿಗೆ ಅವಕಾಶವಿಲ್ಲ. ನಗರದ ಗಡಿ ದಾಟಿದರೆ ಟೌನ್ ಮತ್ತು ವಿಲೇಜ್ ಕೋರ್ಟ್‌ಗಳ ರಾಜ್ಯ ಶುರು. ಅಲ್ಲಿನ ನ್ಯಾಯಾಧೀಶರು ಕಾನೂನು ಓದಿದವರೇ ಆಗಿರಬೇಕೆಂಬ ನಿಯಮವಿಲ್ಲ, ಸರ್ಕಾರಿ ವಕೀಲರ ಜೊತೆ ಮಾತುಕತೆಯ ಮೂಲಕ ಆರೋಪ ಇಳಿಸಿಕೊಳ್ಳುವುದು ದಿನನಿತ್ಯದ ವ್ಯವಹಾರ. ಒಂದೇ ರಾಜ್ಯದ ಒಂದೇ ನಿಯಮಕ್ಕೆ ಎರಡು ಬಗೆಯ ನ್ಯಾಯ ಸಿಗುವುದು ಸರಿಯೇ ಎಂಬ ಪ್ರಶ್ನೆಯನ್ನು ಅಲ್ಲಿನ ವಕೀಲರು ಬಹಳ ಕಾಲದಿಂದ ಎತ್ತುತ್ತಿದ್ದಾರೆ, ಪ್ರಶ್ನೆ ನ್ಯಾಯವಾದದ್ದೇ.

ಯೊಸೆಮಿಟಿ, ಯೆಲ್ಲೊಸ್ಟೋನ್ ಮೊದಲಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಅಥವಾ ಸೇನಾ ನೆಲೆಗಳಲ್ಲಿ ಕೊಟ್ಟ ಟಿಕೆಟ್ ರಾಜ್ಯದ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ಅವು ಒಕ್ಕೂಟ ಸರ್ಕಾರದ ಪ್ರಕರಣಗಳು. ದಂಡ ವಸೂಲಿ ಮತ್ತು ದಾಖಲೆಯ ಕೆಲಸವನ್ನು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿರುವ ಸೆಂಟ್ರಲ್ ವಯಲೇಷನ್ಸ್ ಬ್ಯೂರೋ ನೋಡಿಕೊಳ್ಳುತ್ತದೆ. ಬೇಸಿಗೆ ರಜೆಯಲ್ಲಿ ಉದ್ಯಾನಗಳಿಗೆ ಹೋಗಿ ಬಂದವರು ಕೌಂಟಿ ಕೋರ್ಟಿನ ಜಾಲತಾಣದಲ್ಲಿ ಹುಡುಕಿ ಏನೂ ಸಿಗದಿದ್ದಾಗ ಟಿಕೆಟ್ ರದ್ದಾಗಿರಬೇಕೆಂದು ಭಾವಿಸುವುದು ಅಪಾಯಕರ.

ದಾಖಲೆ ಹುಡುಕುವ ಬಗೆ

ಕೈಯಲ್ಲಿ ಟಿಕೆಟ್ ಇದ್ದರೆ ಹುಡುಕಾಟ ಸುಲಭ. ಟಿಕೆಟ್ ಸಂಖ್ಯೆ, ಮುರಿದ ನಿಯಮದ ಕಲಂ, ಹಿಡಿದ ಪೊಲೀಸ್ ಪಡೆಯ ಹೆಸರು, ಹಾಜರಾಗಬೇಕಾದ ನ್ಯಾಯಾಲಯ ಮತ್ತು ದಿನಾಂಕ ಎಲ್ಲವೂ ಅದರ ಮೇಲಿರುತ್ತವೆ. ಟಿಕೆಟ್ ಬರೆದು ನ್ಯಾಯಾಲಯದ ಗಣಕದಲ್ಲಿ ಸೇರುವವರೆಗೆ ಕೆಲವು ದಿನ, ಕೆಲವೆಡೆ ಕೆಲವು ವಾರ ಹಿಡಿಯುತ್ತದೆ. ಆ ನಡುವಿನ ಅವಧಿಯಲ್ಲಿ ಹುಡುಕಿದರೆ ಏನೂ ಕಾಣದು. ಕಾಣದಿದ್ದರೂ ಗಡುವು ನಿಲ್ಲುವುದಿಲ್ಲ, ಆದ್ದರಿಂದ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಕೇಳುವುದೇ ಲೇಸು.

ಟಿಕೆಟ್ ಕಳೆದುಹೋಗಿದ್ದರೆ, ಅಥವಾ ಹತ್ತು ವರ್ಷದ ಹಿಂದಿನ ಪ್ರಕರಣವಾಗಿದ್ದರೆ, ದಾರಿ ತಿರುಗುಮುರುಗಾಗುತ್ತದೆ. ಮೊದಲು ಡಿಎಂವಿಯಿಂದ ಸ್ವಂತ ಚಾಲನಾ ದಾಖಲೆ ತರಿಸಿಕೊಳ್ಳಬೇಕು. ಅದರಲ್ಲಿ ತಪ್ಪು ನಡೆದ ದಿನ, ದೋಷನಿರ್ಣಯದ ದಿನ ಮತ್ತು ನ್ಯಾಯಾಲಯದ ಗುರುತು ಇರುತ್ತವೆ. ಅದನ್ನು ಹಿಡಿದು ಆ ಕೋರ್ಟಿನ ಕ್ಲರ್ಕ್ ಹತ್ತಿರ ಹೋಗಬೇಕು. ದಾಖಲೆ ತರಿಸುವಾಗ ಯಾವ ಬಗೆಯದು ಬೇಕೆಂದು ಸರಿಯಾಗಿ ಕೇಳುವುದು ಮುಖ್ಯ. ವರ್ಜೀನಿಯಾದಲ್ಲಿ ವಿಮೆಗೆ ಕೊಡುವ ಪ್ರತಿ 5 ವರ್ಷದ್ದು, ಉದ್ಯೋಗಕ್ಕೆ ಕೊಡುವುದು 7 ವರ್ಷದ್ದು, ಸ್ವಂತ ಬಳಕೆಯದು 11 ವರ್ಷದ್ದು. ಕ್ಯಾಲಿಫೋರ್ನಿಯಾದಲ್ಲಿ ಆನ್‌ಲೈನಿನಲ್ಲಿ ಸಿಗುವ ಸಾಧಾರಣ ಪ್ರತಿಗಿಂತ ಉದ್ದದ, ಹತ್ತು ವರ್ಷದ ಇತಿಹಾಸ ಬೇಕಿದ್ದರೆ ಎಚ್6 ಎಂಬ ಮುದ್ರಿತ ಪ್ರತಿ ಕೇಳಬೇಕು. ವಜಾ ಆದ ಪ್ರಕರಣಗಳು ಡಿಎಂವಿ ದಾಖಲೆಯಲ್ಲಿ ಬರುವುದಿಲ್ಲ. ಅವುಗಳ ಗುರುತು ಉಳಿದಿದ್ದರೆ ನ್ಯಾಯಾಲಯದಲ್ಲಿ ಮಾತ್ರ.

ಆನ್‌ಲೈನ್ ಹುಡುಕಾಟದ ವಿಷಯಕ್ಕೆ ಬಂದರೆ ರಾಜ್ಯಗಳ ನಡುವೆ ಅಜಗಜಾಂತರ. ಮೇರಿಲ್ಯಾಂಡಿನ ಕೇಸ್ ಸರ್ಚ್ ಉಚಿತ, ಇಡೀ ರಾಜ್ಯಕ್ಕೆ ಒಂದೇ. ವರ್ಜೀನಿಯಾದ ಜನರಲ್ ಡಿಸ್ಟ್ರಿಕ್ಟ್ ಕೋರ್ಟ್‌ಗಳ ಪ್ರಕರಣಗಳನ್ನೂ ಹೆಸರಿನಿಂದ ಉಚಿತವಾಗಿ ನೋಡಬಹುದು. ಪೆನ್ಸಿಲ್ವೇನಿಯಾ ಪ್ರತಿ ಪ್ರಕರಣದ ನಡಾವಳಿ ಬರೆದ ಡಾಕೆಟ್ ಹಾಳೆಯನ್ನೇ ತೆರೆದಿಡುತ್ತದೆ. ಮಿಸೌರಿಯಲ್ಲಿ ಕೇಸ್‌ನೆಟ್ ಎಂಬ ವ್ಯವಸ್ಥೆ ಇದೆ. ವಿಸ್ಕಾನ್ಸಿನ್ನಿನ ಸರ್ಕ್ಯೂಟ್ ಕೋರ್ಟ್ ಜಾಲತಾಣ ಪ್ರಸಿದ್ಧವಾದದ್ದು, ಆದರೆ ಅಲ್ಲಿನ ಮುನಿಸಿಪಲ್ ಕೋರ್ಟ್‌ಗಳ ಪ್ರಕರಣ ಅದರಲ್ಲಿ ಸೇರಿಲ್ಲ. ಫ್ಲಾರಿಡಾದಲ್ಲಿ 67 ಕೌಂಟಿಗಳ ಕ್ಲರ್ಕ್‌ಗಳು ತಮ್ಮ ತಮ್ಮ ಜಾಲತಾಣ ನಡೆಸುತ್ತಾರೆ. ಕ್ಯಾಲಿಫೋರ್ನಿಯಾದಂಥ ತಂತ್ರಜ್ಞಾನದ ತವರಿನಲ್ಲಿ ಇಡೀ ರಾಜ್ಯವನ್ನು ಒಮ್ಮೆಗೇ ಹುಡುಕುವ ಸಾರ್ವಜನಿಕ ಸೌಲಭ್ಯ ಇಲ್ಲ ಎಂಬುದು ಹೊಸಬರಿಗೆ ನಂಬಲು ಕಷ್ಟ. ಅಲ್ಲಿ ಕೌಂಟಿ ಗೊತ್ತಿಲ್ಲದೆ ಹೆಜ್ಜೆ ಇಡಲಾಗದು.

ತೆರೆಯ ಮೇಲೆ ಕಾಣುವುದು ಸಾರಾಂಶ ಮಾತ್ರ. ಸರ್ಕಾರಿ ಕಚೇರಿಗಳು ಕೇಳುವುದು ಕ್ಲರ್ಕ್ ಮೊಹರು ಒತ್ತಿದ, ಪ್ರಕರಣ ಹೇಗೆ ಮುಗಿಯಿತೆಂದು ಪ್ರಮಾಣೀಕರಿಸಿದ ಪ್ರತಿಯನ್ನು. ಇದಕ್ಕೆ ಶುಲ್ಕವಿದೆ, ಅಂಚೆಯಲ್ಲೂ ತರಿಸಬಹುದು. ಕಡತಗಳನ್ನು ಎಷ್ಟು ಕಾಲ ಇಡಬೇಕೆಂದು ಪ್ರತಿ ರಾಜ್ಯದಲ್ಲೂ ವೇಳಾಪಟ್ಟಿ ಇದೆ, ಅವಧಿ ಮುಗಿದ ಮೇಲೆ ಅವುಗಳನ್ನು ನಾಶ ಮಾಡಲಾಗುತ್ತದೆ. ಅಂಥ ಸಂದರ್ಭದಲ್ಲಿ ಕಡತ ಈಗ ಇಲ್ಲ ಎಂದು ಕ್ಲರ್ಕ್ ಕೊಡುವ ಪತ್ರವೇ ದಾಖಲೆ. ಅದನ್ನು ಕೇಳಿ ಪಡೆದುಕೊಳ್ಳಬಹುದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಹುಡುಕಾಟದ ಫಲಿತಾಂಶದಲ್ಲಿ ಮೊದಲಿಗೆ ತೇಲಿಬರುವ ಅನೇಕ ಖಾಸಗಿ ತಾಣಗಳು ಸರ್ಕಾರಿ ತಾಣಗಳಂತೆಯೇ ಕಾಣುತ್ತವೆ. ಉಚಿತ ಎಂದು ಹೇಳಿ ಕೊನೆಯ ಪುಟದಲ್ಲಿ ಹಣ ಕೇಳುತ್ತವೆ, ಕೊಡುವುದು ಹಳೆಯ, ಬೇರೆಯವರ ವಿವರ ಬೆರೆತ ಮಾಹಿತಿ. ದಂಡ ಕಟ್ಟದಿದ್ದರೆ ಲೈಸೆನ್ಸ್ ರದ್ದಾಗುತ್ತದೆಂದು ಡಿಎಂವಿ ಹೆಸರಿನಲ್ಲಿ ಮೊಬೈಲಿಗೆ ಬರುವ ಸಂದೇಶಗಳಂತೂ ಶುದ್ಧ ವಂಚನೆ. ವಿಳಾಸದ ತುದಿಯಲ್ಲಿ ಡಾಟ್ ಗವ್ ಇದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಕೆಲವು ನ್ಯಾಯಾಲಯಗಳ ತಾಣಗಳಿಗೆ ಆ ತುದಿ ಇಲ್ಲದಿರುವುದರಿಂದ ರಾಜ್ಯದ ನ್ಯಾಯಾಂಗದ ಮುಖ್ಯ ಪುಟದಿಂದಲೇ ಒಳಹೋಗುವುದು ಇನ್ನೂ ಸುರಕ್ಷಿತ.

ಹೆಸರಿನ ತೊಡಕು

ಕನ್ನಡಿಗರ ಮಟ್ಟಿಗೆ ಈ ಹುಡುಕಾಟದ ನಿಜವಾದ ಕಗ್ಗಂಟು ಹೆಸರು. ಅಮೆರಿಕದ ನ್ಯಾಯಾಲಯದ ಗಣಕ ಕುಲನಾಮ ಮೊದಲು, ಹೆಸರು ಆಮೇಲೆ ಎಂಬ ಕ್ರಮಕ್ಕೆ ಒಗ್ಗಿದೆ. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ; ಉತ್ತರ ಕರ್ನಾಟಕದಲ್ಲಿ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಸಾಲಾಗಿ ಬರುತ್ತವೆ; ಹಳೆ ಮೈಸೂರು ಕಡೆಯ ಎಷ್ಟೋ ಜನರಿಗೆ ಕುಲನಾಮವೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕಾಗಿ ಬಂದು, ತಂದೆಯ ಹೆಸರೋ ಊರಿನ ಹೆಸರೋ ಕುಲನಾಮದ ಜಾಗದಲ್ಲಿ ಕೂತುಬಿಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂಬ ಮೂರಕ್ಷರ ಬರುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂಬ ಅರ್ಥದಲ್ಲಿ. ಅದೇ ಲೈಸೆನ್ಸಿಗೂ ಅಲ್ಲಿಂದ ಟಿಕೆಟ್ಟಿಗೂ ಇಳಿಯುತ್ತದೆ.

ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಂತು ಉದ್ದದ ಹೆಸರನ್ನು ಬರೆದುಕೊಳ್ಳುವ ಪೊಲೀಸರು ಅದನ್ನು ಮೊಟಕು ಮಾಡುವುದುಂಟು, ಅಕ್ಷರ ಬಿಡುವುದುಂಟು. ಹೀಗಾಗಿ ಹೆಸರಿನಿಂದ ಹುಡುಕುವವರು ಹಿಂದುಮುಂದು ಮಾಡಿ, ಎರಡು ಪದಗಳನ್ನು ಕೂಡಿಸಿ, ಬಿಡಿಸಿ, ಹೆಸರಿನ ಮೊದಲ ನಾಲ್ಕೈದು ಅಕ್ಷರವಷ್ಟೇ ಕೊಟ್ಟು ನೋಡಬೇಕಾಗುತ್ತದೆ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆಂಬುದನ್ನು ಮರೆಯಬಾರದು. ಶ್ರೀನಿವಾಸ, ಮಂಜುನಾಥ, ರಾವ್, ಗೌಡ, ಪಾಟೀಲ ಮುಂತಾದವು ಮೂಡಿಸುವ ಗೊಂದಲ ಇದರ ಇನ್ನೊಂದು ಮಗ್ಗುಲು: ಅದೇ ಹೆಸರಿನ ಬೇರೊಬ್ಬರ ಪ್ರಕರಣವನ್ನು ತನ್ನದೆಂದು, ತನ್ನದನ್ನು ಬೇರೊಬ್ಬರದೆಂದು ತಿಳಿಯುವ ಸಾಧ್ಯತೆ. ಹಾಗಾಗಿ ಲೈಸೆನ್ಸ್ ಸಂಖ್ಯೆ ಅಥವಾ ಟಿಕೆಟ್ ಸಂಖ್ಯೆಯಿಂದ ಹುಡುಕುವ ಸೌಲಭ್ಯ ಎಲ್ಲಿದೆಯೋ ಅಲ್ಲಿ ಅದನ್ನೇ ಬಳಸುವುದು ಒಳ್ಳೆಯದು.

ಭಾರತದ ಲೈಸೆನ್ಸಿನ ಮೇಲೆ ಓಡಿಸುತ್ತಿದ್ದವರಿಗೆ ದಾಖಲೆಯೇ ಇರುವುದಿಲ್ಲ ಎಂಬ ನಂಬಿಕೆಯೂ ತಪ್ಪು. ತನ್ನಲ್ಲಿ ಲೈಸೆನ್ಸ್ ಇಲ್ಲದ ಚಾಲಕರ ಮೇಲೆ ದೋಷನಿರ್ಣಯವಾದಾಗ ಕ್ಯಾಲಿಫೋರ್ನಿಯಾದ ಡಿಎಂವಿ ಎಕ್ಸ್ ಅಕ್ಷರದಿಂದ ಗುರುತಿಸುವ ಒಂದು ಸಂಖ್ಯೆ ಹುಟ್ಟಿಸಿ ಅದರಡಿ ದಾಖಲೆ ಇಡುತ್ತದೆ. ಮುಂದೆ ಅಲ್ಲಿ ಲೈಸೆನ್ಸ್ ಪಡೆಯಲು ಹೋದಾಗ ಆ ಹಳೆಯ ಸಂಖ್ಯೆ ಎದುರಾಗಬಹುದು.

ಪಾಯಿಂಟ್‌ಗಳ ಲೆಕ್ಕ

ಒಂದು ತಪ್ಪಿಗೆ ಲೈಸೆನ್ಸ್ ಕಿತ್ತುಕೊಳ್ಳುವುದು ಕ್ರೌರ್ಯ, ಮತ್ತೆ ಮತ್ತೆ ತಪ್ಪು ಮಾಡುವವರನ್ನು ದಂಡ ಕಟ್ಟಿಸಿಕೊಂಡು ಬಿಡುತ್ತಲೇ ಇರುವುದು ಅಪಾಯ. ಪಾಯಿಂಟ್ ಪದ್ಧತಿ ಈ ಎರಡರ ನಡುವಿನ ದಾರಿ. ದಂಡದ ಹಣ ಶ್ರೀಮಂತರಿಗೆ ಲೆಕ್ಕಕ್ಕಿಲ್ಲ. ಪಾಯಿಂಟ್ ಎಲ್ಲರಿಗೂ ಒಂದೇ ತೂಕದ್ದು. ಈ ಪದ್ಧತಿಯ ನೈತಿಕ ಬಲ ಇರುವುದು ಅಲ್ಲಿ.

ಕ್ಯಾಲಿಫೋರ್ನಿಯಾದ ಲೆಕ್ಕ ಸರಳ. ಸಾಮಾನ್ಯ ತಪ್ಪಿಗೆ 1 ಪಾಯಿಂಟ್. ಕುಡಿದು ಓಡಿಸುವುದು, ಬೇಕಾಬಿಟ್ಟಿ ಚಾಲನೆ, ಗುದ್ದಿ ಓಡಿಹೋಗುವುದು, ಗಂಟೆಗೆ 100 ಮೈಲಿ ಮೀರುವುದು ಇವಕ್ಕೆ 2. ಹನ್ನೆರಡು ತಿಂಗಳಲ್ಲಿ 4, ಇಪ್ಪತ್ತನಾಲ್ಕು ತಿಂಗಳಲ್ಲಿ 6 ಅಥವಾ ಮೂವತ್ತಾರು ತಿಂಗಳಲ್ಲಿ 8 ಆದರೆ ನಿರ್ಲಕ್ಷ್ಯದ ಚಾಲಕ ಎಂದು ಪರಿಗಣಿಸಿ ಲೈಸೆನ್ಸ್ ಅಮಾನತಿನ ಕ್ರಮ ಶುರುವಾಗುತ್ತದೆ. ಫ್ಲಾರಿಡಾದಲ್ಲಿ ಹನ್ನೆರಡು ತಿಂಗಳಲ್ಲಿ 12 ಪಾಯಿಂಟಿಗೆ 30 ದಿನ, ಹದಿನೆಂಟು ತಿಂಗಳಲ್ಲಿ 18ಕ್ಕೆ ಮೂರು ತಿಂಗಳು, ಮೂವತ್ತಾರು ತಿಂಗಳಲ್ಲಿ 24ಕ್ಕೆ ಒಂದು ವರ್ಷ ಅಮಾನತು. ಮೇರಿಲ್ಯಾಂಡ್ 3 ಪಾಯಿಂಟಿಗೆ ಎಚ್ಚರಿಕೆ ಪತ್ರ ಕಳಿಸುತ್ತದೆ, 5ಕ್ಕೆ ತರಬೇತಿಗೆ ಕಳಿಸುತ್ತದೆ, 8ಕ್ಕೆ ಅಮಾನತು, 12ಕ್ಕೆ ರದ್ದತಿ. ಒಂದು ರಾಜ್ಯದ 4ನ್ನು ಇನ್ನೊಂದರ 12ರ ಜೊತೆ ಹೋಲಿಸಿ ಇದು ಕಟ್ಟುನಿಟ್ಟು, ಅದು ಸಡಿಲ ಎನ್ನುವುದಕ್ಕೆ ಅರ್ಥವಿಲ್ಲ, ಅಳತೆಗೋಲೇ ಬೇರೆ.

ವರ್ಜೀನಿಯಾದ ಪದ್ಧತಿಯನ್ನು ಬಿಡಿಸಿ ನೋಡುವುದು ಉಪಯುಕ್ತ, ಏಕೆಂದರೆ ಉಳಿದೆಡೆ ಮಸುಕಾಗಿರುವ ವ್ಯತ್ಯಾಸಗಳು ಅಲ್ಲಿ ಸ್ಪಷ್ಟ. ತಪ್ಪಿನ ತೂಕಕ್ಕೆ ತಕ್ಕಂತೆ 3, 4 ಅಥವಾ 6 ಪಾಯಿಂಟ್. ವೇಗಮಿತಿಯನ್ನು 9 ಮೈಲಿಯವರೆಗೆ ಮೀರಿದರೆ 3, ಹತ್ತರಿಂದ ಹತ್ತೊಂಬತ್ತು ಮೈಲಿ ಮೀರಿದರೆ 4, ಇಪ್ಪತ್ತು ಅಥವಾ ಹೆಚ್ಚಾದರೆ 6. ಒಂದಿಡೀ ಕ್ಯಾಲೆಂಡರ್ ವರ್ಷ ತಪ್ಪಿಲ್ಲದೆ ಓಡಿಸಿದವರಿಗೆ ಒಂದು ಒಳ್ಳೆಯ ಪಾಯಿಂಟ್ ಸಿಗುತ್ತದೆ, ಹೀಗೆ ಐದರವರೆಗೆ ಕೂಡಿಡಬಹುದು. ಕೆಟ್ಟ ಪಾಯಿಂಟ್ ಎರಡು ವರ್ಷಕ್ಕೆ ಅಳಿಯುತ್ತದೆ. ಆದರೆ ಪಾಯಿಂಟ್ ಅಳಿದರೂ ದೋಷನಿರ್ಣಯದ ಸಾಲು ಅಳಿಯುವುದಿಲ್ಲ. ಬೇಕಾಬಿಟ್ಟಿ ಚಾಲನೆಯ ಸಾಲು 11 ವರ್ಷ ಚಾಲನಾ ದಾಖಲೆಯಲ್ಲಿ ಉಳಿಯುತ್ತದೆ. ಪಾಯಿಂಟ್ ಹೋಯಿತು ಎಂದರೆ ದಾಖಲೆ ಶುದ್ಧವಾಯಿತು ಎಂದು ಅರ್ಥವಲ್ಲ. ವಿಮಾ ಕಂಪನಿ, ಉದ್ಯೋಗದಾತ ನೋಡುವುದು ಆ ಸಾಲನ್ನು.

ಇದೇ ರಾಜ್ಯದಲ್ಲಿ ಇನ್ನೊಂದು ಗುಂಡಿಯಿದೆ. ವೇಗಮಿತಿಯನ್ನು 20 ಮೈಲಿ ಅಥವಾ ಹೆಚ್ಚು ಮೀರುವುದು, ಇಲ್ಲವೇ ಮಿತಿ ಎಷ್ಟೇ ಇರಲಿ ಗಂಟೆಗೆ 85 ಮೈಲಿ ದಾಟುವುದು ಬೇಕಾಬಿಟ್ಟಿ ಚಾಲನೆ ಎನಿಸುತ್ತದೆ. 2020ರವರೆಗೆ ಈ ಗೆರೆ 80 ಮೈಲಿಗಿತ್ತು. ಇದು ಬರಿಯ ಸಂಚಾರ ತಪ್ಪಲ್ಲ, ಒಂದನೇ ದರ್ಜೆಯ ಮಿಸ್‌ಡಿಮೀನರ್ ಎಂಬ ಅಪರಾಧ. ಒಂದು ವರ್ಷದವರೆಗೆ ಜೈಲು, 2,500 ಡಾಲರ್‌ವರೆಗೆ ದಂಡಕ್ಕೆ ಅವಕಾಶವಿದೆ. ಮೊದಲ ಬಾರಿಯ ಸಾಮಾನ್ಯ ಪ್ರಕರಣದಲ್ಲಿ ಜೈಲು ಅಪರೂಪ, ಆದರೆ ಅಪರಾಧ ದಾಖಲೆ ಮಾತ್ರ ನಿಜ. ರಾಜಧಾನಿ ವಾಷಿಂಗ್ಟನ್ ಸುತ್ತಲಿನ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಿ ಕನ್ನಡಿಗರು ಗಣನೀಯವಾಗಿ ನೆಲೆಸಿದ್ದಾರೆ, ಕಾವೇರಿ ಕನ್ನಡ ಸಂಘ ಆ ಪ್ರದೇಶದ್ದೇ. ಬೇರೆ ರಾಜ್ಯದಿಂದ ಅಲ್ಲಿಗೆ ಬಂದವರು ಈ ಒಂದು ಕಾನೂನನ್ನಾದರೂ ತಿಳಿದಿರಲೇಬೇಕು.

ಪಾಯಿಂಟ್ ಇಳಿಸುವ ಅಥವಾ ಬೀಳದಂತೆ ತಡೆಯುವ ದಾರಿಗಳೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಹರು ಹದಿನೆಂಟು ತಿಂಗಳಿಗೊಮ್ಮೆ ಟ್ರಾಫಿಕ್ ಸ್ಕೂಲ್ ಮುಗಿಸಿದರೆ ದೋಷನಿರ್ಣಯ ಗೋಪ್ಯವಾಗುತ್ತದೆ, ವಿಮಾ ಕಂಪನಿಗೆ ಕಾಣುವುದಿಲ್ಲ. ದಂಡದ ಹಣವನ್ನಂತೂ ಪೂರ್ತಿ ಕಟ್ಟಬೇಕು. ಆ ದಂಡವೂ ಹೇಳಿದಷ್ಟಲ್ಲ. ವೇಗಮಿತಿಯನ್ನು 15 ಮೈಲಿಯೊಳಗೆ ಮೀರಿದ್ದಕ್ಕೆ ಮೂಲ ದಂಡ 35 ಡಾಲರ್. ರಾಜ್ಯ, ಕೌಂಟಿಗಳ ಹೆಚ್ಚುವರಿಗಳೆಲ್ಲ ಸೇರಿ ಕಟ್ಟುವ ಹೊತ್ತಿಗೆ 200 ಡಾಲರ್ ದಾಟಿರುತ್ತದೆ. ಅದೇ ರಾಜ್ಯದಲ್ಲಿ ಕೋರ್ಟಿಗೆ ಹೋಗದೆ ಬರಹದ ಮೂಲಕವೇ ವಿಚಾರಣೆ ಕೇಳಬಹುದು, ಸೋತರೆ 20 ದಿನದೊಳಗೆ ಹೊಸದಾಗಿ ಮುಖಾಮುಖಿ ವಿಚಾರಣೆ ಕೋರಬಹುದು. ಇಂಗ್ಲಿಷಿನಲ್ಲಿ ಮಾತಾಡಲು ಅಳುಕುವ, ಬರೆದು ಹೇಳಬಲ್ಲ ವಲಸಿಗರಿಗೆ ಇದು ಬಹು ದೊಡ್ಡ ಸೌಲಭ್ಯ. ಬಳಸುವವರು ಕಡಿಮೆ ಎಂಬುದು ಬೇಸರದ ಸಂಗತಿ. ಮೇರಿಲ್ಯಾಂಡಿನಲ್ಲಿ ನ್ಯಾಯಾಧೀಶರು ತೀರ್ಪಿಗೆ ಮುನ್ನವೇ ಪ್ರೊಬೇಷನ್ ಕೊಟ್ಟರೆ ದೋಷನಿರ್ಣಯವಾಗದು, ಪಾಯಿಂಟೂ ಬೀಳದು. ಪಾಯಿಂಟ್ ಪದ್ಧತಿಯಿಲ್ಲದ ವಾಷಿಂಗ್ಟನ್ ರಾಜ್ಯದಲ್ಲೂ ಏಳು ವರ್ಷಕ್ಕೊಮ್ಮೆ ತೀರ್ಮಾನವನ್ನು ಮುಂದೂಡಿಸಿಕೊಳ್ಳಬಹುದು, ಮುಂದೂಡಿದ ಅವಧಿಯಲ್ಲಿ ಬೇರೆ ತಪ್ಪಿಲ್ಲದಿದ್ದರೆ ಪ್ರಕರಣ ವಜಾ ಆಗುತ್ತದೆ. ಪೆನ್ಸಿಲ್ವೇನಿಯಾದಲ್ಲೂ ನ್ಯೂಜೆರ್ಸಿಯಲ್ಲೂ ತಪ್ಪಿಲ್ಲದ ಒಂದು ವರ್ಷಕ್ಕೆ 3 ಪಾಯಿಂಟ್ ಇಳಿಯುತ್ತವೆ.

ಟ್ರಕ್, ಬಸ್ ಓಡಿಸುವ ವಾಣಿಜ್ಯ ಲೈಸೆನ್ಸಿನವರಿಗೆ ಇಂಥ ಮರೆಮಾಚುವ ಸೌಲಭ್ಯಗಳನ್ನು ಒಕ್ಕೂಟದ ನಿಯಮವೇ ನಿಷೇಧಿಸಿದೆ.

ಕ್ಯಾಮೆರಾ ಹಿಡಿದ ತಪ್ಪುಗಳು ಬೇರೆ ಜಾತಿಯವು. ಹಲವು ರಾಜ್ಯಗಳಲ್ಲಿ ನೋಟಿಸ್ ವಾಹನದ ಮಾಲೀಕರಿಗೆ ಬರುತ್ತದೆ, ಓಡಿಸಿದ್ದು ಯಾರೆಂದು ಖಚಿತವಿಲ್ಲದ್ದರಿಂದ ಪಾಯಿಂಟ್ ಇರುವುದಿಲ್ಲ. ನ್ಯೂಯಾರ್ಕ್, ಮೇರಿಲ್ಯಾಂಡ್ ಹೀಗೆ. ಆದರೆ ಕ್ಯಾಲಿಫೋರ್ನಿಯಾದ ಕೆಂಪುದೀಪ ಕ್ಯಾಮೆರಾ ಚಾಲಕರ ಮುಖವನ್ನೂ ಹಿಡಿಯುತ್ತದೆ, ದೋಷನಿರ್ಣಯವಾದರೆ ಪಾಯಿಂಟ್ ಬೀಳುತ್ತದೆ. ಅದೇ ರಾಜ್ಯ 2023ರ ಕಾನೂನಿನ ಮೂಲಕ ಕೆಲವು ನಗರಗಳಲ್ಲಿ ಪ್ರಯೋಗಕ್ಕೆ ಒಪ್ಪಿದ ವೇಗ ಕ್ಯಾಮೆರಾಗಳಿಗೆ ಪಾಯಿಂಟ್ ಇಲ್ಲ.

ಪಾಯಿಂಟ್ ಪದ್ಧತಿಯೇ ಇಲ್ಲದ ರಾಜ್ಯಗಳೂ ಇವೆ: ಹವಾಯಿ, ಕನ್ಸಾಸ್, ಮಿನೆಸೋಟ, ಓರೆಗಾನ್, ವಾಷಿಂಗ್ಟನ್ ಮೊದಲಾದವು. ಅಲ್ಲಿ ತಪ್ಪುಗಳ ಸಂಖ್ಯೆಯನ್ನೇ ಎಣಿಸುತ್ತಾರೆ, ಪರಿಣಾಮ ಕಡಿಮೆಯೇನಲ್ಲ. ಟೆಕ್ಸಾಸ್ ಪಾಯಿಂಟಿಗೆ ವಾರ್ಷಿಕ ಹೆಚ್ಚುವರಿ ಶುಲ್ಕವನ್ನು ಅಂಟಿಸಿ, ಅದನ್ನು ಕಟ್ಟಲಾಗದ ಅಪಾರ ಸಂಖ್ಯೆಯ ಬಡವರ ಲೈಸೆನ್ಸ್ ಕಿತ್ತುಕೊಂಡು, ಕೊನೆಗೆ 2019ರ ಸೆಪ್ಟೆಂಬರ್ 1ರಂದು ಆ ಯೋಜನೆಯನ್ನೇ ಕೈಬಿಟ್ಟಿತು.

ವಿಮಾ ಕಂಪನಿಗಳ ಲೆಕ್ಕವನ್ನು ಡಿಎಂವಿ ಪಾಯಿಂಟಿನ ಜೊತೆ ಬೆರೆಸಬಾರದು. ಅವು ದೋಷನಿರ್ಣಯಗಳನ್ನು ನೋಡಿ ತಮ್ಮದೇ ಅಂಕ ಹಾಕುತ್ತವೆ, ಸಾಮಾನ್ಯವಾಗಿ ಹಿಂದಿನ ಮೂರರಿಂದ ಐದು ವರ್ಷದ್ದು. ಉತ್ತರ ಕೆರೊಲೈನಾದಲ್ಲಿ ಡಿಎಂವಿ ಪಾಯಿಂಟ್ ಒಂದು, ವಿಮೆಯ ಪಾಯಿಂಟ್ ಇನ್ನೊಂದು ಎಂದು ಎರಡು ಪಟ್ಟಿಗಳೇ ಅಧಿಕೃತವಾಗಿ ಇವೆ.

ರಾಜ್ಯದ ಗಡಿ ದಾಟಿದಾಗ

ಬೇರೆ ರಾಜ್ಯದ ಟಿಕೆಟ್ ಮನೆಯವರೆಗೆ ಬರುವುದಿಲ್ಲ ಎಂಬ ಮಾತು ಹಳೆಯದು, ಮತ್ತು ಸುಳ್ಳು. 1960ರ ದಶಕದಿಂದ ಬೆಳೆದುಬಂದ ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್ ಎಂಬ ಒಪ್ಪಂದದ ಪ್ರಕಾರ ಬಹುಪಾಲು ರಾಜ್ಯಗಳು ಹೊರರಾಜ್ಯದವರ ದೋಷನಿರ್ಣಯವನ್ನು ಅವರ ತವರು ರಾಜ್ಯಕ್ಕೆ ತಿಳಿಸುತ್ತವೆ. ಅದನ್ನು ಏನು ಮಾಡಬೇಕೆಂಬುದು ತವರು ರಾಜ್ಯದ ಕಾನೂನಿಗೆ ಬಿಟ್ಟದ್ದು. ನ್ಯೂಜೆರ್ಸಿ ತನ್ನ ಚಾಲಕರಿಗೆ ಹೊರರಾಜ್ಯದ ತಪ್ಪು ಯಾವುದೇ ಇರಲಿ 2 ಪಾಯಿಂಟ್ ಹಾಕುತ್ತದೆ. ನ್ಯೂಯಾರ್ಕ್ ಇತರ ರಾಜ್ಯಗಳ ಸಂಚಾರ ತಪ್ಪಿಗೆ ಪಾಯಿಂಟ್ ಹಾಕುವುದಿಲ್ಲ, ಆದರೆ ಕೆನಡಾದ ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತಗಳಲ್ಲಿ ಮಾಡಿದ ತಪ್ಪಿಗೆ ಹಾಕುತ್ತದೆ. ಟಿಕೆಟ್ಟಿಗೆ ಉತ್ತರಿಸದೆ ಊರಿಗೆ ಮರಳಿದವರ ಲೈಸೆನ್ಸನ್ನು ತವರು ರಾಜ್ಯವೇ ತಡೆಹಿಡಿಯುವಂತೆ ಮಾಡುವ ಇನ್ನೊಂದು ಒಪ್ಪಂದ 1977ರದ್ದು.

ಇವೆರಡರ ಮೇಲೆ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ನಡೆಸುವ ನ್ಯಾಷನಲ್ ಡ್ರೈವರ್ ರಿಜಿಸ್ಟರ್ ಇದೆ. ಇದರಲ್ಲಿ ತಪ್ಪುಗಳ ವಿವರವಿಲ್ಲ. ಲೈಸೆನ್ಸ್ ಅಮಾನತಾದ, ರದ್ದಾದ ಅಥವಾ ಗಂಭೀರ ಅಪರಾಧ ಮಾಡಿದವರ ಹೆಸರು, ಹುಟ್ಟಿದ ದಿನ ಮುಂತಾದ ಗುರುತು ಮತ್ತು ಯಾವ ರಾಜ್ಯದಲ್ಲಿ ಕೇಳಬೇಕೆಂಬ ಸೂಚನೆ ಮಾತ್ರ ಇದೆ. ಹತ್ತು ವರ್ಷದ ಹಿಂದೆ ಓದುವಾಗ ಬೇರೊಂದು ರಾಜ್ಯದಲ್ಲಿ ಮರೆತುಬಿಟ್ಟ ಟಿಕೆಟ್ಟು ಹೊಸ ರಾಜ್ಯದ ಲೈಸೆನ್ಸ್ ಕಿಟಕಿಯಲ್ಲಿ ಎದ್ದುಬರುವುದು ಈ ಕಾರಣಕ್ಕೆ. ಆಗ ಮತ್ತೆ ಆ ಹಳೆಯ ಊರಿನ ಕ್ಲರ್ಕನ್ನೇ ಹುಡುಕಬೇಕು.

ಬಹಿರಂಗ ಮತ್ತು ಖಾಸಗಿ

ನ್ಯಾಯಾಲಯದ ದಾಖಲೆ ಸಾರ್ವಜನಿಕ. ಡಿಎಂವಿ ದಾಖಲೆ ಖಾಸಗಿ. ನ್ಯಾಯಾಲಯದ ಕಡತಗಳನ್ನು ನೋಡುವ, ಪ್ರತಿ ಮಾಡಿಕೊಳ್ಳುವ ಸಾಮಾನ್ಯ ಹಕ್ಕು ಜನರಿಗಿದೆಯೆಂದು, ಅದು ಮಿತಿಯಿಲ್ಲದ ಹಕ್ಕಲ್ಲವೆಂದೂ, ಅಮೆರಿಕದ ಸುಪ್ರೀಂ ಕೋರ್ಟ್ 1978ರ ನಿಕ್ಸನ್ ವಿರುದ್ಧ ವಾರ್ನರ್ ಕಮ್ಯುನಿಕೇಷನ್ಸ್ ಪ್ರಕರಣದಲ್ಲಿ ಹೇಳಿದೆ. ಟಿಕೆಟ್ ಬಿದ್ದ ವಾರದೊಳಗೆ ಪರಿಚಯವೇ ಇಲ್ಲದ ವಕೀಲರ ಪತ್ರಗಳು ಮನೆ ಬಾಗಿಲಿಗೆ ಬರುವುದು ಕೋರ್ಟಿನ ದಾಖಲೆ ಹೀಗೆ ತೆರೆದಿರುವುದರಿಂದ. ಡಿಎಂವಿ ದಾಖಲೆಗೆ ಬೀಗ ಬಿದ್ದ ಕಥೆ ದುಃಖದ್ದು. 1989ರಲ್ಲಿ ನಟಿ ರೆಬೆಕ್ಕಾ ಶೆಫರ್ ಅವರನ್ನು ಹಿಂಬಾಲಿಸುತ್ತಿದ್ದ ಒಬ್ಬ, ಖಾಸಗಿ ಪತ್ತೇದಾರನ ಮೂಲಕ ಕ್ಯಾಲಿಫೋರ್ನಿಯಾ ಡಿಎಂವಿಯಿಂದ ಅವರ ವಿಳಾಸ ಪಡೆದು ಮನೆ ಬಾಗಿಲಲ್ಲಿ ಕೊಂದ. ಆಗ ಎದ್ದ ಆತಂಕದ ಫಲವಾಗಿ 1994ರಲ್ಲಿ ಡ್ರೈವರ್ಸ್ ಪ್ರೈವಸಿ ಪ್ರೊಟೆಕ್ಷನ್ ಕಾಯಿದೆ ಬಂತು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿಮೆ, ನ್ಯಾಯಾಲಯದ ವ್ಯವಹಾರ ಮುಂತಾದ ಕಾನೂನು ಒಪ್ಪಿದ ಉದ್ದೇಶಗಳ ಹೊರತು ಇನ್ನೊಬ್ಬರ ವೈಯಕ್ತಿಕ ವಿವರವನ್ನು ಡಿಎಂವಿ ಕೊಡುವಂತಿಲ್ಲ.

ದುಡ್ಡಿನ ಆಸೆ

ಸಂಚಾರ ನ್ಯಾಯಾಲಯಗಳ ದಾಖಲೆ ತೆರೆದಿರಬೇಕೆಂಬುದಕ್ಕೆ ಎರಡು ಊರುಗಳ ಇತಿಹಾಸ ಬಲವಾದ ಕಾರಣ ಕೊಡುತ್ತದೆ. ಫಿಲಡೆಲ್ಫಿಯಾದ ಟ್ರಾಫಿಕ್ ಕೋರ್ಟಿನಲ್ಲಿ ಬಂಧುಮಿತ್ರರ, ರಾಜಕೀಯ ಸಂಪರ್ಕದವರ ಟಿಕೆಟ್‌ಗಳನ್ನು ಸದ್ದಿಲ್ಲದೆ ವಜಾ ಮಾಡುತ್ತಿದ್ದರೆಂದು 2013ರಲ್ಲಿ ಒಂಬತ್ತು ಹಾಲಿ ಮತ್ತು ಮಾಜಿ ನ್ಯಾಯಾಧೀಶರ ಮೇಲೆ ಒಕ್ಕೂಟದ ಅಭಿಯೋಜಕರು ಆರೋಪ ಹೊರಿಸಿದರು. ವಿಚಾರಣೆ ಎದುರಿಸಿದವರು ಮುಖ್ಯ ವಂಚನೆ ಆರೋಪದಿಂದ ಪಾರಾದರೂ ಕೆಲವರು ಸುಳ್ಳು ಹೇಳಿದ್ದಕ್ಕೆ ದೋಷಿಗಳಾದರು. ಆ ವರ್ಷವೇ ಆ ಕೋರ್ಟಿನ ಕೆಲಸ ಮುನಿಸಿಪಲ್ ಕೋರ್ಟಿಗೆ ಹೋಯಿತು, 2016ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿಯ ಮೂಲಕ ಅದನ್ನು ಅಳಿಸಿಹಾಕಿದರು.

ಮಿಸೌರಿಯ ಫರ್ಗುಸನ್ನಿನಲ್ಲಿ ಆದದ್ದು ಇದಕ್ಕಿಂತ ಘೋರ. ಅಲ್ಲಿನ ಪೊಲೀಸರು ಮತ್ತು ಮುನಿಸಿಪಲ್ ಕೋರ್ಟ್ ಸಾರ್ವಜನಿಕ ಸುರಕ್ಷತೆಗಿಂತ ಊರಿನ ಆದಾಯಕ್ಕಾಗಿ ಕೆಲಸ ಮಾಡುತ್ತಿದ್ದವೆಂದು, ಅದರ ಹೊರೆ ಕಪ್ಪು ಜನರ ಮೇಲೆ ಬೀಳುತ್ತಿತ್ತೆಂದು ಒಕ್ಕೂಟ ಸರ್ಕಾರದ ನ್ಯಾಯ ಇಲಾಖೆಯ 2015ರ ಮಾರ್ಚ್ ವರದಿ ಹೇಳಿತು. ಸುಮಾರು 21,000 ಜನರ ಆ ಊರಿನ ಕೋರ್ಟಿನಿಂದ ಹೊರಟ ಬಂಧನ ವಾರಂಟ್‌ಗಳು 16,000ಕ್ಕೂ ಹೆಚ್ಚು ಜನರ ಮೇಲಿದ್ದವು. ಅದರ ನಂತರ ದಂಡ ಕಟ್ಟಲಾಗದ್ದಕ್ಕೆ ಲೈಸೆನ್ಸ್ ಅಮಾನತು ಮಾಡುವ ಪದ್ಧತಿಯನ್ನು ಹಲವು ರಾಜ್ಯಗಳು ಬಿಡತೊಡಗಿದವು: ಕ್ಯಾಲಿಫೋರ್ನಿಯಾ 2017ರಲ್ಲಿ, ವರ್ಜೀನಿಯಾ 2020ರಲ್ಲಿ, ನ್ಯೂಯಾರ್ಕ್ 2021ರಲ್ಲಿ. ಕೆಲಸಕ್ಕೆ ಹೋಗಲು ಕಾರಲ್ಲದೆ ಬೇರೆ ದಾರಿಯಿಲ್ಲದ ದೇಶದಲ್ಲಿ ಬಡತನಕ್ಕಾಗಿ ಲೈಸೆನ್ಸ್ ಕಿತ್ತುಕೊಳ್ಳುವುದು ಅನ್ಯಾಯವೇ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಈಗ ಆದಾಯ ತೋರಿಸಿ ದಂಡ ಇಳಿಸಲು ಆನ್‌ಲೈನಿನಲ್ಲೇ ಕೇಳಿಕೊಳ್ಳಬಹುದು.

ವಲಸಿಗರಿಗೆ

ವೇಗಮಿತಿ ಮೀರಿದ ಒಂದು ಟಿಕೆಟ್ಟಿನಿಂದ ವೀಸಾ ಅಥವಾ ಗ್ರೀನ್ ಕಾರ್ಡಿಗೆ ಸಾಮಾನ್ಯವಾಗಿ ಧಕ್ಕೆಯಾಗುವುದಿಲ್ಲ. ಕುಡಿದು ಓಡಿಸಿ ಬಂಧನವಾದರೆ ಕಥೆ ಬೇರೆ. ದೋಷನಿರ್ಣಯಕ್ಕೆ ಮೊದಲೇ ವಿದೇಶಾಂಗ ಇಲಾಖೆ ವೀಸಾ ಹಿಂಪಡೆಯಬಹುದು. ಪೌರತ್ವದ ಅರ್ಜಿಯಲ್ಲಿ ಸಂಚಾರ ಪ್ರಕರಣಗಳ ಪ್ರಶ್ನೆ ಬಂದಾಗ ಅನೇಕರು ತಬ್ಬಿಬ್ಬಾಗುತ್ತಾರೆ. ಅರ್ಜಿಯ ಸೂಚನೆಗಳು ಬಹುಕಾಲದಿಂದ ಹೇಳಿರುವುದು ಇಷ್ಟು: ಮದ್ಯ ಅಥವಾ ಮಾದಕ ವಸ್ತುವಿನ ಸಂಬಂಧವಿಲ್ಲದ, ಬಂಧನವಾಗದ, 500 ಡಾಲರ್‌ಗಿಂತ ಕಡಿಮೆ ದಂಡ ಅಥವಾ ಪಾಯಿಂಟ್ ಮಾತ್ರ ಶಿಕ್ಷೆಯಾದ ಘಟನೆಗಳಿಗೆ ಕಾಗದಪತ್ರ ಲಗತ್ತಿಸಬೇಕಿಲ್ಲ. ಲಗತ್ತಿಸಬೇಕಿಲ್ಲ ಎಂದರೆ ಮರೆಮಾಚಬಹುದು ಎಂದಲ್ಲ. ವರ್ಜೀನಿಯಾದ ಬೇಕಾಬಿಟ್ಟಿ ಚಾಲನೆಯಂಥ ಪ್ರಕರಣವಿದ್ದವರು ಕೋರ್ಟಿನ ಪ್ರಮಾಣಿತ ಪ್ರತಿಯನ್ನು ಕಡತ ನಾಶವಾಗುವ ಮೊದಲೇ ತೆಗೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ.

ಭಾರತದಲ್ಲಿ

ಭಾರತದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಪಾಯಿಂಟ್ ಪದ್ಧತಿಯನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ತರಲಿಲ್ಲ. ತೆಲಂಗಾಣ 2017ರ ಆಗಸ್ಟಿನಲ್ಲಿ ತನ್ನ ಮಟ್ಟಿಗೆ ಅದನ್ನು ಆರಂಭಿಸಿತ್ತು. ಎರಡು ವರ್ಷದಲ್ಲಿ 12 ಪಾಯಿಂಟ್ ಆದರೆ ಒಂದು ವರ್ಷ ಅಮಾನತು. 2019ರ ಕಾಯಿದೆ ಹಿಡಿದ ದಾರಿ ಬೇರೆ: ಅತಿವೇಗ, ಕುಡಿದ ಚಾಲನೆ, ಹೆಲ್ಮೆಟ್ ಇಲ್ಲದಿರುವುದು ಮುಂತಾದವುಗಳಲ್ಲಿ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಅಮಾನತಿಗಾಗಿ ಆರ್‌ಟಿಒಗೆ ಕಳಿಸಬಹುದು. ಸ್ಥಳದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಂಡ ತಪ್ಪು ಕೂಡ ಮುಂದಿನ ಸಲ ಅದೇ ತಪ್ಪಿಗೆ ಹೆಚ್ಚಿನ ಶಿಕ್ಷೆ ನಿರ್ಧರಿಸುವಾಗ ಹಿಂದಿನ ತಪ್ಪೆಂದು ಎಣಿಕೆಯಾಗುತ್ತದೆ. ಸಂಚಾರ ಪ್ರಕರಣಗಳಿಗಾಗಿ ಮೊದಲ ವರ್ಚುವಲ್ ಕೋರ್ಟ್ 2019ರ ಜುಲೈಯಲ್ಲಿ ದಿಲ್ಲಿಯ ತೀಸ್ ಹಜಾರಿಯಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಬಾಕಿ ದಂಡದ ರಾಶಿ ಕರಗಿಸಲು 2023ರ ಫೆಬ್ರುವರಿಯಲ್ಲಿ ಶೇಕಡಾ 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಜನ ಸಂಚಾರ ಪೊಲೀಸ್ ಕಚೇರಿಗಳ ಮುಂದೆ ಸಾಲುಗಟ್ಟಿದರು. ನಮ್ಮ ಇ-ಚಲನ್ ವಾಹನದ ನೋಂದಣಿ ಸಂಖ್ಯೆಯ ಬೆನ್ನು ಹತ್ತುತ್ತದೆ. ಓಡಿಸಿದವರ ಲೈಸೆನ್ಸಿನ ಬೆನ್ನು ಹತ್ತುವುದು ಕಡಿಮೆ. ಪಾಯಿಂಟ್ ಪದ್ಧತಿ ಇಲ್ಲಿ ಬರಬೇಕಾದರೆ ಮೊದಲು ಬಿಡಿಸಬೇಕಾದ ಗಂಟು ಅದು.